ಹೊಳೆ ಇಳಿಯಿತು, ಬಾವಿ ನೀರು ತಿಳಿಯಾಯಿತು. ಕುಡಿಯಬಹುದೇ?

ಪ್ರಶ್ನೆ: ಸರ್, ನಮ್ಮದು ಅಫಜಲಪುರ ತಾಲ್ಲೂಕಿನಲ್ಲಿ ಭೀಮಾ ದಂಡೆಯ ಹಳ್ಳಿ. ಮೂರು ದಿನ ಹಿತ್ತಲಲ್ಲಿ ಹೊಳೆ ನೀರು ನಿಂತಿತ್ತು. ಇಳಿದು ಐದು ದಿನ ಆಯಿತು. ನಮ್ಮ ಬಾವಿ ಪೂರ್ತಿ ಮುಳುಗಿತ್ತು. ಹಳೇ ಕಲ್ಲಿನ ಬಾವಿ, 8 ಅಡಿ ಅಗಲ, 40 ಅಡಿ ಆಳ. ಈಗ 25 ಅಡಿ ನೀರಿದೆ. ಅದರಲ್ಲಿ ತೊಗರಿ ಕಟ್ಟಿಗೆ, ಕಬ್ಬಿನ ಸೋಗೆ, ಪ್ಲಾಸ್ಟಿಕ್ ಎಲ್ಲ ತೇಲುತ್ತಿತ್ತು. ಒಂದು ಸತ್ತ ಆಡಿನ ಮರಿಯೂ ಇತ್ತು, ತೆಗೆಸಿದೆವು. ಮೈದುನ ಕೊಟ್ಟಿಗೆಯಲ್ಲಿಟ್ಟಿದ್ದ ಹೊಲಕ್ಕೆ ಹೊಡೆಯುವ ಎಣ್ಣೆಯ ಡಬ್ಬಿ ಬಾವಿ ಕಟ್ಟೆಯ ಹತ್ತಿರ ಸಿಕ್ಕಿದೆ, ಅದಕ್ಕೆ ಮುಚ್ಚಳ ಇಲ್ಲ. ಪಾಯಿಖಾನೆ ಗುಂಡಿ ಬಾವಿಯಿಂದ 30 ಅಡಿ ದೂರದಲ್ಲಿದೆ. ನೀರು ಈಗ ತಿಳಿಯಾಗಿದೆ. "ಹರಿಯೋ ಹೊಳೆ ಬಂದು ಬಾವಿ ತೊಳೆದುಕೊಂಡು ಹೋಗಿದೆ, ಎರಡು ಮುಷ್ಟಿ ಬ್ಲೀಚಿಂಗ್ ಹಾಕಿ ಕುಡಿಯಿರಿ" ಅಂತಾರೆ ಮಾವನವರು. ಮೈದುನ ದೊಡ್ಡ ಎಂಜಿನ್ ತಂದು ಒಂದೇ ರಾತ್ರಿಯಲ್ಲಿ ಬಾವಿ ಖಾಲಿ ಮಾಡ್ತೀನಿ ಅಂತಾನೆ. ನನಗೆ ನಾಲ್ಕು ತಿಂಗಳ ಕೂಸು ಇದೆ, ಒಂದೊಂದು ಸಲ ಪುಡಿ ಹಾಲು ಕಲಸಿ ಕೊಡುತ್ತೇನೆ. ನೀರು ಕಾಯಿಸಿದರೆ ಸಾಕಾ? ಅತ್ತೆಯವರು ಗಂಗಾಪೂಜೆ ಆಗದೆ ಬಾವಿ ಮುಟ್ಟಬಾರದು ಅಂತಾರೆ. ಏನು ಮಾಡಲಿ?

ಉತ್ತರ: ಮೊದಲು ಕೂಸಿನ ಮಾತು ಮುಗಿಸಿಬಿಡೋಣ, ಉಳಿದದ್ದಕ್ಕೆ ಒಂದೆರಡು ದಿನ ತಡವಾದರೂ ನಡೆಯುತ್ತದೆ. ಆ ಬಾವಿಯ ನೀರನ್ನು ಕೂಸಿನ ಪುಡಿ ಹಾಲಿಗೆ ಬಳಸಬೇಡಿ. ಕಾಯಿಸಿಯೂ ಬೇಡ. ಕಾರಣ ಮುಂದೆ ಹೇಳುತ್ತೇನೆ. ನಾಲ್ಕು ತಿಂಗಳ ಮಗುವಿಗೆ ತಾಯಿ ಹಾಲು ಸಾಕಾಗುತ್ತಿದ್ದರೆ ಬೇರೆ ನೀರೇ ಬೇಕಿಲ್ಲ. ಪುಡಿ ಹಾಲು ಕೊಡಲೇಬೇಕಾದರೆ ಸೀಲ್ ಇರುವ ಬಾಟಲಿ ನೀರು ತಂದು, ಕಾಯಿಸಿ ಕೊಡಿ. ನೆರೆ ಮುಟ್ಟದ ಊರಿನಿಂದ ಬಂದ ಟ್ಯಾಂಕರ್ ನೀರಾದರೂ ಆದೀತು, ಅದು ಎಲ್ಲಿ ತುಂಬಿಸಿದ್ದು ಅಂತ ಒಂದು ಮಾತು ಕೇಳಿ.

ಈಗ ಬಾವಿಗೆ ಬರೋಣ. ನಿಮ್ಮ ಮನೆಯಲ್ಲಿ ಮೂರು ಮಂದಿ ಮೂರು ಮಾತು ಹೇಳಿದ್ದಾರೆ. ಮೂರರಲ್ಲೂ ಸ್ವಲ್ಪ ಸ್ವಲ್ಪ ಸತ್ಯ ಇದೆ, ಎಡವಟ್ಟಾಗಿರುವುದು ಕೆಲಸದ ಕ್ರಮದಲ್ಲಿ. ಬ್ಲೀಚಿಂಗ್ ಬೇಕು, ಆದರೆ ಅದು ಕೊನೆಯ ಕೆಲಸ. ಬಾವಿ ಖಾಲಿ ಮಾಡಬೇಕು, ಆದರೆ ಈಗಲೇ ಅಲ್ಲ, ಒಂದೇ ರಾತ್ರಿಯಲ್ಲಂತೂ ಅಲ್ಲ.

ಮಾವನವರ ಮಾತು ನಾನು ದಂಡೆಯ ಊರುಗಳಲ್ಲಿ ಎಷ್ಟೋ ಸಲ ಕೇಳಿದ್ದೇನೆ. 2020ರ ಅಕ್ಟೋಬರ್ ನೆರೆಯಲ್ಲೂ ಕೇಳಿದೆ, 2025ರ ಸೆಪ್ಟೆಂಬರ್‌ನಲ್ಲೂ ಕೇಳಿದೆ. ಹಿರಿಯರು ಹೊಳೆಯನ್ನು ತಾಯಿ ಅಂತ ನೋಡಿದವರು, ಅವರ ಮೇಲೆ ಸಿಟ್ಟಾಗಬೇಡಿ. ಆದರೆ ನೆರೆಯ ನೀರು ದಿನದ ಹೊಳೆಯ ನೀರಲ್ಲ. ಮಹಾರಾಷ್ಟ್ರದಲ್ಲಿ ಮಳೆ ಜೋರಾಗಿ ಉಜನಿ ಅಣೆಕಟ್ಟೆಯಿಂದ ನೀರು ಬಿಡುತ್ತಾರೆ. ಸೀನಾ ನದಿಯೂ ತುಂಬಿ ಬಂದು ಭೀಮೆಗೆ ಸೇರುತ್ತದೆ. ಇಲ್ಲಿ ಸೊನ್ನ ಬ್ಯಾರೇಜಿನ ಗೇಟು ಎತ್ತುತ್ತಾರೆ. ಆ ನೀರು ದಾರಿಯಲ್ಲಿ ಊರುಗಳ ಚರಂಡಿ, ತಿಪ್ಪೆ, ಪಾಯಿಖಾನೆ ಗುಂಡಿ, ಗೊಬ್ಬರದ ಗೋದಾಮು ಎಲ್ಲದರ ಮೇಲೆ ಹಾದು ಬಂದಿರುತ್ತದೆ. ಅದು ಬಾವಿಗೆ ಇಳಿದ ಮೇಲೆ ಹರಿಯುವುದಿಲ್ಲ, ನಿಲ್ಲುತ್ತದೆ. ಹೊಳೆಯಲ್ಲಿದ್ದದ್ದು ಹೊಳೆಯ ಜೊತೆ ಮುಂದೆ ಹೋಯಿತು. ಬಾವಿಗೆ ಬಿದ್ದದ್ದು ಅಲ್ಲೇ ಕೂತಿದೆ.

ಹಾಗಾದರೆ ತಿಳಿಯಾಗಿದ್ದು ಹೇಗೆ? ಮಣ್ಣು ಕೆಳಗೆ ಕೂತಿತು, ಅಷ್ಟೇ. ನಮ್ಮ ಎರೆ ಮಣ್ಣಿನ ಕಣ ಬಹಳ ಸಣ್ಣದು, ಕೂರಲು ನಾಲ್ಕೈದು ದಿನ ಹಿಡಿಯುತ್ತದೆ. ಕಾಲರಾ, ವಾಂತಿಭೇದಿ, ಟೈಫಾಯ್ಡ್, ಕಾಮಾಲೆ ತರುವ ಜೀವಿಗಳು ಕಣ್ಣಿಗೆ ಕಾಣುವಷ್ಟು ದೊಡ್ಡವಲ್ಲ. ಅವು ಇದ್ದರೂ ನೀರು ಕನ್ನಡಿಯಂತೆ ಹೊಳೆಯಬಹುದು. "ಮೀನು ಬದುಕಿದೆ, ಆಮೆ ಆಡ್ತಾ ಇದೆ" ಅನ್ನುವುದೂ ಲೆಕ್ಕಕ್ಕೆ ಬರುವುದಿಲ್ಲ. ಮೀನಿಗೆ ಟೈಫಾಯ್ಡ್ ಬರುವುದಿಲ್ಲ ಅಲ್ವಾ.

ಎರಡು ಮುಷ್ಟಿ ಬ್ಲೀಚಿಂಗ್ ಯಾಕೆ ಸಾಲದು ಅನ್ನುವುದಕ್ಕೆ ಒಂದು ಸಣ್ಣ ಪ್ರಯೋಗ. ಎರಡು ಸ್ಟೀಲ್ ತಂಬಿಗೆ ತೆಗೆದುಕೊಳ್ಳಿ. ಒಂದರಲ್ಲಿ ಒಳ್ಳೆಯ ನೀರು, ಇನ್ನೊಂದರಲ್ಲಿ ಬಾವಿ ತಳದ ರಾಡಿ ನೀರು. ಎರಡಕ್ಕೂ ಚಿಟಿಕೆ ಬ್ಲೀಚಿಂಗ್ ಪೌಡರ್ ಹಾಕಿ ಕಲಸಿ ಅರ್ಧ ಗಂಟೆ ಬಿಡಿ. ಮೊದಲನೆಯದರಲ್ಲಿ ಕ್ಲೋರಿನ್ ವಾಸನೆ ಗಮ್ ಅಂತ ಇರುತ್ತದೆ. ಎರಡನೆಯದರಲ್ಲಿ ಬಹುಮಟ್ಟಿಗೆ ಹೋಗಿರುತ್ತದೆ. ಕೆಸರು, ಕೊಳೆತ ಎಲೆ, ಸಗಣಿ ಮೊದಲು ಕ್ಲೋರಿನ್ ತಿನ್ನುತ್ತವೆ. ಉಳಿದರೆ ಮಾತ್ರ ರೋಗಾಣುವಿಗೆ. ನಿಮ್ಮ ಬಾವಿಯ ತಳದಲ್ಲಿ ಈಗ ಎಷ್ಟು ಹೂಳಿದೆಯೋ ಏನೋ. ಇಂಥ ಬಾವಿಗೆ ಎಸೆದ ಎರಡು ಮುಷ್ಟಿ ಪುಡಿ ತಳ ಮುಟ್ಟುವ ಮೊದಲೇ ಖರ್ಚಾಗುತ್ತದೆ.

ಅದಕ್ಕೇ ಮೊದಲ ಕೆಲಸ ಕಸ. ಅದಕ್ಕೂ ಮೊದಲು ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಬಾವಿ, ಕೊಟ್ಟಿಗೆ, ಬಿದ್ದ ಗೋಡೆ, ಹಾರಿಹೋದ ಪತ್ರಾ, ಎಲ್ಲದರದೂ. ಪಂಚನಾಮೆಗೆ ಬಂದವರಿಗೆ ತೋರಿಸಲು ಏನೂ ಇಲ್ಲದಂತೆ ತೊಳೆದು ಕೂತವರನ್ನು ನಾನು ನೋಡಿದ್ದೇನೆ.

ಕಸ ಎತ್ತುವಾಗ ಬರಿಗಾಲು, ಬರಿಗೈ ಬೇಡ. ಗಮ್‌ಬೂಟು ಇಲ್ಲದಿದ್ದರೆ ಗಟ್ಟಿ ಚಪ್ಪಲಿಗಿಂತ ಹಳೇ ಬೂಟು ಮೇಲು. ಕಟ್ಟಿಗೆಯ ರಾಶಿಗೆ ಸೀದಾ ಕೈ ಹಾಕಬೇಡಿ, ಉದ್ದ ಕೋಲಿನಿಂದ ಕೆದಕಿ ಸ್ವಲ್ಪ ಹೊತ್ತು ಬಿಡಿ. ನೆರೆಯಲ್ಲಿ ಹಾವಿಗೂ ಒಣ ಜಾಗ ಬೇಕು, ಅದು ಹುಡುಕಿಕೊಂಡು ಬರುವುದು ಇಂಥ ರಾಶಿಯನ್ನೇ. 2020ರಲ್ಲಿ ಒಂದು ಬಾವಿಯೊಳಗೆ ಬಗ್ಗಿ ನೋಡಿದ್ದೆ. ನೀರಿನ ಮೇಲೆ ತೊಗರಿ ಕಟ್ಟಿಗೆ ಚಾಪೆ ಹಾಸಿದ ಹಾಗೆ ಹರಡಿತ್ತು, ಅದರ ಮೇಲೆ ಒಂದು ಹವಾಯಿ ಚಪ್ಪಲಿ, ಚಪ್ಪಲಿಯ ಪಕ್ಕ ಸುತ್ತಿಕೊಂಡು ಕೂತ ಕೊಳಕುಮಂಡಲ. ಮೇಲಿದ್ದ ಹುಡುಗ ಆಗಲೇ ಹಗ್ಗ ಹಿಡಿದು ಒಂದು ಕಾಲು ಒಳಗಿಟ್ಟಿದ್ದ. ಹಾವು ಕಚ್ಚಿದರೆ ಹಗ್ಗ ಬಿಗಿದು ಕಟ್ಟುವುದು, ಕೊಯ್ಯುವುದು, ಗಿಡಮೂಲಿಕೆ ಹಚ್ಚುವುದು ಯಾವುದೂ ಬೇಡ. ಅಲ್ಲಾಡಿಸದೆ 108ಕ್ಕೆ ಫೋನ್ ಮಾಡಿ ಸರಕಾರಿ ಆಸ್ಪತ್ರೆಗೆ.

ಇನ್ನೊಂದು ಸದ್ದಿಲ್ಲದ ಅಪಾಯ ಇಲಿ. ಇಲಿಯ ಮೂತ್ರ ನೆರೆ ನೀರಿಗೆ ಸೇರುತ್ತದೆ. ಕಾಲಿನ ಸಣ್ಣ ಗಾಯದ ಮೂಲಕ ಇಲಿಜ್ವರದ ರೋಗಾಣು ಒಳಗೆ ಹೋಗುತ್ತದೆ. ಕಸ ಎತ್ತಿದ ನಂತರ ಎರಡು ಮೂರು ವಾರದೊಳಗೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ "ನೆರೆ ಕಸದಲ್ಲಿ ಕೆಲಸ ಮಾಡಿದ್ದೆ" ಅಂತ ಡಾಕ್ಟರಿಗೆ ಹೇಳಲೇಬೇಕು. ಹೇಳದಿದ್ದರೆ ಅವರು ಸಾದಾ ಜ್ವರ ಅಂದುಕೊಳ್ಳುತ್ತಾರೆ. ಮೊಳೆ, ಪತ್ರಾ ಚುಚ್ಚಿದರೆ ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ಕೇಳಿ.

ತೆಗೆದ ಕಸ ಎಲ್ಲಿ ಹಾಕುತ್ತೀರಿ? ಬಹಳ ಮನೆಗಳಲ್ಲಿ ಬಾವಿ ಕಟ್ಟೆಯ ಪಕ್ಕಕ್ಕೇ ಒಟ್ಟುತ್ತಾರೆ, ಅಲ್ಲೇ ಕೈಗೆ ಸಿಗುತ್ತದೆ ಅಂತ. ಒಂದು ಮಳೆ ಬಂದರೆ ಅದರ ರಸ ಮತ್ತೆ ಬಾವಿಗೆ. ಬಾವಿಗಿಂತ ತಗ್ಗಿನ ಕಡೆಗೆ, ನೂರು ಅಡಿಯಾದರೂ ದೂರ ಒಯ್ಯಿರಿ. ಪ್ಲಾಸ್ಟಿಕ್, ಡ್ರಿಪ್ ಪೈಪು, ಔಷಧ ಡಬ್ಬಿ ಸೇರಿಸಿ ಬೆಂಕಿ ಹಚ್ಚಬೇಡಿ, ಆ ಹೊಗೆ ಕೆಟ್ಟದ್ದು. ಸತ್ತ ಮರಿಯನ್ನು ಎಲ್ಲಿ ಹಾಕಿದಿರಿ ಅಂತ ನೀವು ಬರೆದಿಲ್ಲ. ಹಳ್ಳಕ್ಕೆ ಎಸೆದಿದ್ದರೆ ಅದು ಕೆಳಗಿನ ಊರಿನವರ ಬಾವಿಯ ಸಮಸ್ಯೆ ಆಗುತ್ತದೆ. ಆಳವಾದ ಗುಂಡಿ ತೆಗೆದು, ಮೇಲೆ ಸುಣ್ಣ ಚೆಲ್ಲಿ, ನಾಯಿ ಕೆದರದಂತೆ ಮಣ್ಣು ತುಂಬಬೇಕು. ಆ ಗುಂಡಿಯೂ ಬಾವಿಯಿಂದ ದೂರವೇ ಇರಲಿ.

ಬಾವಿಯೊಳಗೆ ಉಳಿದ ಕಸಕ್ಕೆ ಪಾತಾಳಗರಡಿ ಬಳಸಿ. ಬಿದ್ದ ಕೊಡ ತೆಗೆಯಲು ಹಿಂದೆ ಪ್ರತಿ ಓಣಿಯಲ್ಲೂ ಒಂದು ಇರುತ್ತಿತ್ತು, ಯಾರದಾದರೂ ಮನೆಯ ಅಟ್ಟದ ಮೇಲೆ ಈಗಲೂ ಇರುತ್ತದೆ. ಮನುಷ್ಯರನ್ನು ಇಳಿಸಬೇಡಿ. ಕೊಳೆತ ಕಸ ಇರುವ ಬಾವಿಯಲ್ಲಿ ಕೆಟ್ಟ ಗಾಳಿ ತುಂಬಿರುತ್ತದೆ, ಉಸಿರಿಗೆ ಬೇಕಾದ ಆಮ್ಲಜನಕ ಕಡಿಮೆ ಇರುತ್ತದೆ. ಇಳಿದವನಿಗೆ ತಲೆ ತಿರುಗಿದ್ದೂ ಗೊತ್ತಾಗುವುದಿಲ್ಲ, ಕೈ ಬಿಟ್ಟುಬಿಡುತ್ತಾನೆ. ಅವನನ್ನು ಎತ್ತಲು ಇಳಿದ ಎರಡನೆಯವನೂ ಹಾಗೇ. ಲಾಟೀನು ಇಳಿಸಿ ನೋಡುವ ಹಳೇ ಪದ್ಧತಿ ಇದೆ. ದೀಪ ಆರಿದರೆ ಇಳಿಯಬಾರದು ಅನ್ನುವುದು ಸರಿ. ಆರದಿದ್ದರೆ ಇಳಿಯಬಹುದು ಅನ್ನುವುದು ತಪ್ಪು. ಎಲ್ಲ ವಿಷಗಾಳಿಗೂ ದೀಪ ಆರುವುದಿಲ್ಲ, ಕೆಲವು ಗಾಳಿಗೆ ಬೆಂಕಿಯೇ ಹೊತ್ತಿಕೊಳ್ಳುತ್ತದೆ.

ಈಗ ನಿಮ್ಮ ಮೈದುನನ ಎಂಜಿನ್. ಇಲ್ಲಿ ನಾನು ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ನೆರೆಯಾದ ಮೇಲೆ ಬಾವಿಗಳು ಕುಸಿಯುವುದು ಬಹುತೇಕ ಹೀಗೇ.

ನಿಮ್ಮ ಬಾವಿಯ ಸುತ್ತಲಿನ ನೆಲ ಈಗ ನೀರು ಕುಡಿದು ತೂಕವಾಗಿದೆ. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ. ಅದು ಹೊರಗಿನಿಂದ ಬಾವಿಯ ಕಲ್ಲುಗಳನ್ನು ಒಳಕ್ಕೆ ನೂಕುತ್ತಿದೆ. ಒಳಗಿರುವ 25 ಅಡಿ ನೀರು ಅದೇ ಕಲ್ಲನ್ನು ಹೊರಕ್ಕೆ ತಳ್ಳುತ್ತಿದೆ. ಈ ಎರಡರ ನಡುವೆ ನಿಮ್ಮ ಮಾವನವರ ಹಿರಿಯರು ಕಟ್ಟಿದ ಕಲ್ಲಿನ ಗೋಡೆ ಸಮ ನಿಂತಿದೆ. ಒಂದೇ ರಾತ್ರಿಯಲ್ಲಿ ಒಳಗಿನ ನೀರು ತೆಗೆದರೆ ಒಳಗಿನ ಆಸರೆ ಹೋಯಿತು, ಹೊರಗಿನ ಭಾರ ಹಾಗೇ ಉಳಿಯಿತು. ಗಾರೆ ಇಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಹಳೇ ಬಾವಿಗೆ ಇದು ತಡೆಯುವುದಿಲ್ಲ. ಜೇವರ್ಗಿ ಕಡೆಯ ಒಂದು ಊರಿನಲ್ಲಿ ನಾನು ಬೆಳಗ್ಗೆ ಹೋದಾಗ ಎಂಜಿನ್ ಇನ್ನೂ ಬಿಸಿ ಇತ್ತು. ಬಾವಿಯ ಒಂದು ಬದಿ ಕಟ್ಟೆ ಸಮೇತ ಒಳಗೆ ಕೂತಿತ್ತು. ಪೈಪು ಮಾತ್ರ ಮೇಲೆ ಕಾಣುತ್ತಿತ್ತು. ಪುಣ್ಯಕ್ಕೆ ಯಾರೂ ಹತ್ತಿರ ಇರಲಿಲ್ಲ.

ಹಾಗಾಗಿ ಕಾಯಬೇಕು. ಎಷ್ಟು ದಿನ? ಅದನ್ನು ಬಾವಿಯೇ ಹೇಳುತ್ತದೆ. ಹಗ್ಗಕ್ಕೆ ಒಂದು ಕಲ್ಲು ಕಟ್ಟಿ ದಿನವೂ ಒಂದೇ ಹೊತ್ತಿಗೆ ಇಳಿಸಿ, ಕಟ್ಟೆಯಿಂದ ನೀರಿನ ಮಟ್ಟ ಎಷ್ಟು ಕೆಳಗಿದೆ ಅಂತ ಗಂಟು ಹಾಕಿ. ಹೊಳೆ ಪಾತ್ರಕ್ಕೆ ಇಳಿಯುತ್ತಾ ಹೋದಂತೆ ಬಾವಿಯ ನೀರೂ ಇಳಿಯುತ್ತದೆ. ಇಂದಿನ ಗಂಟಿಗೂ ನಿನ್ನೆಯ ಗಂಟಿಗೂ ಅಂತರ ನಾಲ್ಕು ಬೆರಳಿಗಿಂತ ಕಡಿಮೆ ಆಯಿತು ಅಂದರೆ ಸುತ್ತಲಿನ ನೆಲ ಸಾಕಷ್ಟು ಬಸಿದಿದೆ ಅಂತ ನಾನು ಲೆಕ್ಕ ಹಾಕುತ್ತೇನೆ. ಆಮೇಲೆ ಪಂಪು ಹಚ್ಚಿ. ಮೂರು ನಾಲ್ಕು ಅಡಿ ಇಳಿಸಿ ನಿಲ್ಲಿಸಿ. ಕಲ್ಲಿನ ಸಂದಿಯಿಂದ ಮಣ್ಣು ಉದುರುತ್ತಿದೆಯಾ, ಕಟ್ಟೆಯ ಸುತ್ತ ನೆಲ ಬಿರುಕು ಬಿಡುತ್ತಿದೆಯಾ ನೋಡಿ. ಹಾಗಿದ್ದರೆ ಅಲ್ಲಿಗೇ ಬಿಡಿ, ಅನುಭವ ಇರುವ ಬಾವಿ ಕೆಲಸದವರನ್ನು ಕರೆಸಿ. ಇಲ್ಲದಿದ್ದರೆ ಮರುದಿನ ಮತ್ತೆ ನಾಲ್ಕು ಅಡಿ. ನೀರಿನ ಮೇಲೆ ಎಣ್ಣೆಯ ಬಣ್ಣ ಕಂಡರೆ ಪಂಪು ಹಚ್ಚುವ ಮೊದಲು ಹಳೇ ಹತ್ತಿ ಬಟ್ಟೆ, ಒಣ ಹುಲ್ಲು ಇಳಿಸಿ ಮೇಲಿನ ಪದರ ಎತ್ತಿಬಿಡಿ. ಇಲ್ಲದಿದ್ದರೆ ನೀರು ಇಳಿದಂತೆ ಎಣ್ಣೆ ಗೋಡೆಗೆಲ್ಲ ಬಳಿದುಕೊಳ್ಳುತ್ತದೆ.

ಎಂಜಿನ್ ಹೊರಗೇ ಇರಲಿ. ಪೈಪು ಸಾಲದು ಅಂತ ಡೀಸೆಲ್ ಅಥವಾ ಪೆಟ್ರೋಲ್ ಎಂಜಿನನ್ನು ಬಾವಿಯ ಮೆಟ್ಟಿಲಿಗೆ ಇಳಿಸಿದರೆ ಅದರ ಹೊಗೆ ಬಾವಿಯಲ್ಲಿ ತುಂಬಿ ಪ್ರಾಣ ತೆಗೆಯುತ್ತದೆ. ಮನೆಯ ಕರೆಂಟ್ ಮೋಟರ್ ಮುಳುಗಿದ್ದರೆ ಸ್ಟಾರ್ಟರ್ ಡಬ್ಬಿ ಬಿಸಿಲಿಗೆ ಒಣಗಿತು ಅಂತ ಗುಂಡಿ ಒತ್ತಬೇಡಿ. ಮೆಕ್ಯಾನಿಕ್ ಬಿಚ್ಚಿ ನೋಡಲಿ. ತಂತಿ ಹರಿದು ಬಿದ್ದಿದ್ದರೆ ಹತ್ತಿರ ಹೋಗದೆ ಜೆಸ್ಕಾಂಗೆ 1912ಕ್ಕೆ ಹೇಳಿ.

ಹೂಳು ತೆಗೆದು, ಗೋಡೆಯ ಕಲ್ಲುಗಳನ್ನು ಮೇಲಿನಿಂದಲೇ ಉದ್ದ ಬ್ರಷ್ಷಿನಿಂದ ಉಜ್ಜಿ, ಬ್ಲೀಚಿಂಗ್ ನೀರು ಚಿಮುಕಿಸಿ. ಬಾವಿ ತಾನಾಗಿ ತುಂಬಲಿ. ಈಗ ಬಂತು ಬ್ಲೀಚಿಂಗ್‌ನ ಸರದಿ.

ಲೆಕ್ಕ ಕಷ್ಟವಿಲ್ಲ. ಬಾವಿಯ ಅಗಲ ಮೀಟರಿನಲ್ಲಿ, ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 785ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. ನಿಮ್ಮದು 8 ಅಡಿ, ಅಂದರೆ ಸುಮಾರು 2.4 ಮೀಟರ್. ಮತ್ತೆ ತುಂಬಿದಾಗ 18 ಅಡಿ ನೀರು ನಿಂತಿತು ಅಂದುಕೊಳ್ಳೋಣ, 5.5 ಮೀಟರ್. ಸುಮಾರು 25,000 ಲೀಟರ್ ಆಯಿತು. ನೆರೆಯಾದ ಬಾವಿಯ ಮೊದಲ ಶುದ್ಧೀಕರಣಕ್ಕೆ ಲೀಟರಿಗೆ 20 ಮಿಲಿಗ್ರಾಂ ಕ್ಲೋರಿನ್ ಸಿಗುವಂತೆ ಹಾಕಬೇಕು. ಅಂಗಡಿಯ ಬ್ಲೀಚಿಂಗ್ ಪೌಡರಿನಲ್ಲಿ ಕಾಲು ಭಾಗ ಕ್ಲೋರಿನ್ ಉಳಿದಿದೆ ಅಂತ ಹಿಡಿದರೆ ಸಾವಿರ ಲೀಟರಿಗೆ 80 ಗ್ರಾಂ. ನಿಮ್ಮ ಬಾವಿಗೆ 2 ಕೆ.ಜಿ. ಹೊಸ ಪುಡಿಯಲ್ಲಿ ಕ್ಲೋರಿನ್ ಮೂರನೇ ಒಂದು ಭಾಗದಷ್ಟು ಇರುತ್ತದೆ, ಆದರೆ ತೇವ, ಬೆಳಕು ತಾಗಿದರೆ ಬೇಗ ಇಳಿಯುತ್ತದೆ. ಗಂಟುಗಂಟಾಗಿ ವಾಸನೆ ಇಲ್ಲದ ಪುಡಿ ಯಾರಾದರೂ ಪುಕ್ಕಟೆ ಕೊಟ್ಟರೂ ಬೇಡ, ಅದು ಸುಣ್ಣ ಅಷ್ಟೇ.

ಪುಡಿಯನ್ನು ಬಾವಿಗೆ ಸುರಿಯಬೇಡಿ. ಪ್ಲಾಸ್ಟಿಕ್ ಬಕೆಟಿನಲ್ಲಿ ಸುಮಾರು 100 ಗ್ರಾಂ ಹಾಕಿ, ಸ್ವಲ್ಪ ನೀರು ಬಿಟ್ಟು ದೋಸೆ ಹಿಟ್ಟಿನ ಹದಕ್ಕೆ ಕಲಸಿ. ಗಂಟು ಒಡೆದ ಮೇಲೆ ಮುಕ್ಕಾಲು ಬಕೆಟ್ ನೀರು ತುಂಬಿ ತಿರುವಿ. ಹತ್ತು ನಿಮಿಷ ಬಿಟ್ಟರೆ ಬಿಳಿ ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯಲ್ಲೇ ಕ್ಲೋರಿನ್ ಇರುವುದು. ಅದನ್ನು ಬೇರೆ ಬಕೆಟಿಗೆ ಬಸಿದು, ಹಗ್ಗ ಕಟ್ಟಿ ಬಾವಿಯ ನೀರಿನೊಳಗೆ ಮುಳುಗಿಸಿ, ಮೇಲೆ ಕೆಳಗೆ, ಅತ್ತ ಇತ್ತ ಆಡಿಸಿ. ಹೀಗೆ ಇಪ್ಪತ್ತು ಸಲ. ತಳದ ಸುಣ್ಣ ಬಾವಿಗೆ ಹಾಕಬೇಡಿ, ಮೊದಲೇ ಗಡಸಾದ ನಮ್ಮ ನೀರು ಇನ್ನೂ ಗಡಸಾಗುತ್ತದೆ. ಈ ಕೆಲಸ ಗಾಳಿಯಾಡುವ ಕಡೆ ಮಾಡಿ, ಕಣ್ಣಿಗೆ ಕನ್ನಡಕ ಇರಲಿ. ಪಾಯಿಖಾನೆ ತೊಳೆಯುವ ಆಸಿಡ್ ತಾಗಿದ ಬಕೆಟ್ ಮಾತ್ರ ಬೇಡವೇ ಬೇಡ. ಆಸಿಡ್ ಮತ್ತು ಬ್ಲೀಚಿಂಗ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಎದೆ ಹಿಡಿದುಬಿಡುತ್ತದೆ.

ರಾತ್ರಿಯಿಡೀ ಬಿಡಿ. ಬೆಳಗ್ಗೆ ಆ ನೀರನ್ನು ನಿಧಾನವಾಗಿ ಎತ್ತಿ ಬಯಲಿಗೆ ಚೆಲ್ಲಿ. ಹಳ್ಳಕ್ಕೆ, ದನದ ಬಾನಿಗೆ, ತರಕಾರಿ ಮಡಿಗೆ ಬೇಡ. ಹೊಸ ನೀರು ಬಂದು ವಾಸನೆ ತೀರಾ ಕಡಿಮೆ ಆಗುವವರೆಗೆ ಎತ್ತುತ್ತಿರಿ. ಪಂಚಾಯಿತಿಯಲ್ಲಿ ಅಥವಾ ಆಶಾ ಕಾರ್ಯಕರ್ತೆಯ ಬಳಿ ಕ್ಲೋರಿನ್ ನೋಡುವ ಬಣ್ಣದ ಕಿಟ್ ಸಿಗುತ್ತದೆ. ಲೀಟರಿಗೆ 0.5 ಮಿಲಿಗ್ರಾಂ ತೋರಿಸಿದರೆ ಸರಿ.

ಇಷ್ಟಾದರೂ ಕುಡಿಯಬೇಡಿ, ಪರೀಕ್ಷೆ ಆಗಲಿ. ಕ್ಲೋರಿನ್ ಇರುವಾಗಲೇ ಪರೀಕ್ಷೆ ಮಾಡಿಸಿದರೆ ಫಲಿತಾಂಶ ಚೆನ್ನಾಗೇ ಬರುತ್ತದೆ, ಅದು ಸುಳ್ಳು ಸಮಾಧಾನ. ವಾಸನೆ ಪೂರ್ತಿ ಹೋಗಿ ನಾಲ್ಕೈದು ದಿನ ಆಗಲಿ. ಪಂಚಾಯಿತಿಯಲ್ಲಿರುವ ಸಣ್ಣ ಬಾಟಲಿಗೆ ನೀರು ತುಂಬಿ ಇಟ್ಟರೆ ಒಂದೆರಡು ದಿನದಲ್ಲಿ ಕಪ್ಪಾಗುತ್ತದೆ ಅಥವಾ ಆಗುವುದಿಲ್ಲ. ಕಪ್ಪಾದರೆ ಮಲದ ಅಂಶ ಇರುವ ಸಾಧ್ಯತೆ ಹೆಚ್ಚು, ಮತ್ತೆ ಬ್ಲೀಚಿಂಗ್. ಜೊತೆಗೆ ಕಲಬುರಗಿಯಲ್ಲಿ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಕ್ಕೆ ಒಂದು ಮಾದರಿ ಕಳಿಸಿ. ಬಾಟಲಿ ಅವರಿಂದಲೇ ತನ್ನಿ. ಕೋಲಾ ಬಾಟಲಿ ತೊಳೆದು ತುಂಬಿಸಿದರೆ ನಿಮ್ಮ ಬಾವಿಯದಲ್ಲ, ಆ ಬಾಟಲಿಯ ಪರೀಕ್ಷೆ ಆಗುತ್ತದೆ. ತುಂಬಿದ ಬಾಟಲಿ ಮಂಜುಗಡ್ಡೆಯ ಜೊತೆ ಅದೇ ದಿನ ಮುಟ್ಟಲಿ. ವರದಿಯಲ್ಲಿ 100 ಮಿಲಿಲೀಟರ್ ನೀರಿನಲ್ಲಿ ಇ-ಕೊಲೈ ಒಂದೂ ಇರಬಾರದು.

ಅದೇ ವರದಿಯಲ್ಲಿ ನೈಟ್ರೇಟ್ ಅಂತ ಒಂದು ಸಾಲು ಇರುತ್ತದೆ. ಕೂಸಿಗೆ ಈ ನೀರು ಬೇಡ ಅಂದದ್ದು ಇದಕ್ಕೇ. ಸಗಣಿ, ಗಂಜಲ, ಪಾಯಿಖಾನೆ ಗುಂಡಿ, ಯೂರಿಯಾ ಎಲ್ಲದರಿಂದ ನೈಟ್ರೇಟ್ ನೀರಿಗೆ ಇಳಿಯುತ್ತದೆ. ಲೀಟರಿಗೆ 45 ಮಿಲಿಗ್ರಾಂ ದಾಟಿದರೆ ಎಳೆ ಮಕ್ಕಳಿಗೆ ಅಪಾಯ. ರಕ್ತ ಆಮ್ಲಜನಕ ಒಯ್ಯುವುದನ್ನು ಅದು ತಡೆಯುತ್ತದೆ, ಮಗುವಿನ ತುಟಿ, ಉಗುರು ನೀಲಿಯಾಗುತ್ತವೆ. ನೀರು ಕಾಯಿಸಿದರೆ ರೋಗಾಣು ಸಾಯುತ್ತವೆ, ನೈಟ್ರೇಟ್ ಸಾಯುವುದಿಲ್ಲ. ಆವಿಯಾಗಿ ನೀರು ಕಡಿಮೆಯಾದಷ್ಟೂ ಅದು ಇನ್ನೂ ಗಟ್ಟಿಯಾಗುತ್ತದೆ. ವರದಿ ಬರುವವರೆಗೆ ಕೂಸಿಗೆ ಬೇರೆ ನೀರೇ.

ಹೊಲಕ್ಕೆ ಹೊಡೆಯುವ ಎಣ್ಣೆಯ, ಅಂದರೆ ಕೀಟನಾಶಕದ, ಡಬ್ಬಿಯ ವಿಷಯ ಕಷ್ಟದ್ದು, ಸುಮ್ನೆ ಧೈರ್ಯ ಹೇಳಲು ನನಗೆ ಮನಸ್ಸಿಲ್ಲ. ಅದರಲ್ಲಿ ಎಷ್ಟಿತ್ತು ಅಂತ ಮೈದುನನನ್ನು ಕೇಳಿ. ತಳದಲ್ಲಿ ನಾಲ್ಕು ಹನಿ ಉಳಿದಿದ್ದ ಖಾಲಿ ಡಬ್ಬಿ ಮೂರು ದಿನದ ಹೊಳೆಯಲ್ಲಿ ತೇಲಿದ್ದರೆ ಬಾವಿಯಲ್ಲಿ ಉಳಿದಿರುವುದು ಅತ್ಯಲ್ಪ. ಆಗ ಎರಡು ಸಲ ಪೂರ್ತಿ ಎತ್ತಿ ಚೆಲ್ಲಿದ ಮೇಲೆ ಮುಂದಿನ ಹೆಜ್ಜೆ ಇಡಬಹುದು. ಅರ್ಧಕ್ಕಿಂತ ಜಾಸ್ತಿ ತುಂಬಿದ್ದ ಡಬ್ಬಿಯಾದರೆ, ಅದೂ ಕಟ್ಟೆಯ ಪಕ್ಕದಲ್ಲೇ ಖಾಲಿಯಾಗಿ ಸಿಕ್ಕಿದ್ದರೆ, ನಾನಾದರೆ ಈ ವರ್ಷ ಆ ಬಾವಿಯನ್ನು ಕುಡಿಯುವ, ಅಡುಗೆಯ ಬಳಕೆಯಿಂದ ಕೈಬಿಡುತ್ತೇನೆ. ಪಂಚಾಯಿತಿಯ ಕಿಟ್‌ಗೆ ಕೀಟನಾಶಕ ಕಾಣುವುದಿಲ್ಲ. ಅದಕ್ಕೆ ಬೇರೆ ಯಂತ್ರ ಇರುವ ಪ್ರಯೋಗಾಲಯ ಬೇಕು, ಡಬ್ಬಿಯ ಮೇಲಿನ ಹೆಸರು ಹೇಳಿ ಪರೀಕ್ಷೆ ಕೇಳಬೇಕು. ಕಾಯಿಸುವುದರಿಂದ ಅದು ಹೋಗುತ್ತದೆ ಅಂತ ನಂಬುವ ಹಾಗಿಲ್ಲ. ಬ್ಲೀಚಿಂಗ್‌ನಿಂದಲೂ ಇಲ್ಲ. ಕೆಲವು ಕೀಟನಾಶಕ ಕ್ಲೋರಿನ್ ಸೇರಿದರೆ ಇನ್ನೂ ಕೆಟ್ಟ ವಿಷವಾಗುತ್ತದೆ. ಇದನ್ನು ಬಿಟ್ಟು ಬ್ಲೀಚಿಂಗ್‌ಗೆ ಕೈ ಹಾಕಬೇಡಿ, ಮೊದಲು ಡಬ್ಬಿಯ ಲೆಕ್ಕ ತಿಳಿಯಲಿ. ಡಬ್ಬಿ ತೊಳೆದು ಮಜ್ಜಿಗೆಗೆ, ಸೀಮೆ ಎಣ್ಣೆಗೆ ಬಳಸುವವರಿದ್ದಾರೆ. ದಯವಿಟ್ಟು ಚುಚ್ಚಿ ತೂತು ಮಾಡಿಡಿ.

ಪಾಯಿಖಾನೆ ಗುಂಡಿ 30 ಅಡಿ ಅಂದಿರಿ. ಕನಿಷ್ಠ 50 ಅಡಿ ಇರಬೇಕಿತ್ತು. ನಿಮ್ಮ ಕಡೆ ಕರಿ ಕಲ್ಲು. ಸೇಡಂ, ಚಿತ್ತಾಪುರ, ಶಹಾಬಾದ್ ಕಡೆ ಸುಣ್ಣಕಲ್ಲು, ಅಲ್ಲಿ ಬಂಡೆಯ ಸೀಳಿನಲ್ಲಿ ಕೊಳೆ ನೀರು ಸೋಸದೇ ದೂರದವರೆಗೆ ಓಡುತ್ತದೆ, 50 ಅಡಿಯೂ ಭರವಸೆ ಅಲ್ಲ. ಈಗ ಬಾವಿ ಸರಿಸಲಾಗದು. ಗುಂಡಿ ತುಂಬಿದಾಗ ಹೊಸದನ್ನು ದೂರ ತೋಡಿಸಿ. ಅಲ್ಲಿಯವರೆಗೆ ಈ ಬಾವಿಯ ನೀರು ಎಷ್ಟೇ ಒಳ್ಳೆಯ ವರದಿ ಬಂದರೂ ದಿನವೂ ಶುದ್ಧ ಮಾಡಿಯೇ ಕುಡಿಯುವುದು.

ಪಕ್ಕದ ಮನೆಯ ಬೋರ್‌ವೆಲ್ ನೀರು ತರುತ್ತೀರಾದರೆ ಅದರ ಪೈಪಿನ ಬಾಯಿ ನೆರೆಯಲ್ಲಿ ಮುಳುಗಿತ್ತಾ ಅಂತ ಕೇಳಿ. ಮುಳುಗಿದ್ದರೆ ಅದಕ್ಕೂ ಇದೇ ಚಿಕಿತ್ಸೆ, ಪ್ರಮಾಣ ಮಾತ್ರ ಸಣ್ಣದು. ಆರೂವರೆ ಇಂಚಿನ ಬೋರಿನಲ್ಲಿ 200 ಅಡಿ ನೀರು ನಿಂತಿದ್ದರೆ ಅದು ಸುಮಾರು 1300 ಲೀಟರ್, ನೂರು ಗ್ರಾಂ ಚಿಲ್ಲರೆ ಪುಡಿಯ ತಿಳಿ ಸಾಕು. ಊರಿನ ಶುದ್ಧ ನೀರಿನ ಘಟಕದ ಬೋರ್ ಮುಳುಗಿದ್ದರೆ ಅದರ ನೀರನ್ನೂ ಕಣ್ಣು ಮುಚ್ಚಿ ನಂಬಬೇಡಿ. ಯಂತ್ರ ಇದೆ ಅಂದಮಾತ್ರಕ್ಕೆ ಅದರ ಫಿಲ್ಟರ್ ಬದಲಾಗಿದೆ ಅಂತ ಅರ್ಥ ಅಲ್ಲ.

ಅಷ್ಟು ದಿನ ದೊಡ್ಡವರು ಏನು ಕುಡಿಯಬೇಕು? ಟ್ಯಾಂಕರ್ ಅಥವಾ ಮುಳುಗದ ಬೋರಿನ ನೀರು ತಂದು, ರಾಡಿ ಇದ್ದರೆ ಪಟಿಕವನ್ನು ಕೊಡದಲ್ಲಿ ಎರಡು ಸುತ್ತು ತಿರುವಿ ಇಟ್ಟು, ಮೇಲಿನ ತಿಳಿಯನ್ನು ಮಡಚಿದ ಹತ್ತಿ ಬಟ್ಟೆಯಲ್ಲಿ ಸೋಸಿ. ಪಟಿಕ ಮಣ್ಣು ಕೂರಿಸುತ್ತದೆ, ರೋಗಾಣು ಕೊಲ್ಲುವುದಿಲ್ಲ. ಸೋಸಿದ ಮೇಲೆ ಗುಳುಗುಳು ಕುದಿಯುವ ಹಾಗೆ ಒಂದು ನಿಮಿಷ ಕಾಯಿಸಿ. ಸೌದೆ ಎಲ್ಲ ತೊಯ್ದಿದೆ, ಗ್ಯಾಸ್ ಇಲ್ಲ ಅಂದರೆ ಆಶಾ ಕಾರ್ಯಕರ್ತೆ ಕೊಡುವ ಕ್ಲೋರಿನ್ ಮಾತ್ರೆ ಹಾಕಿ. ಎಷ್ಟು ಲೀಟರಿಗೆ ಒಂದು ಅನ್ನುವುದು ಪೊಟ್ಟಣದ ಮೇಲೆ ಇರುತ್ತದೆ, ಅರ್ಧ ಗಂಟೆ ಬಿಟ್ಟು ಕುಡಿಯಿರಿ. ರಂಜಣಿಗೆಗೆ ತಂಬಿಗೆ ಅದ್ದಿ ತೆಗೆಯುವ ಬದಲು ಉದ್ದ ಹಿಡಿಯ ಸೌಟು ಇಡಿ. ಕೈ ಅದ್ದಿದರೆ ಮಾಡಿದ್ದೆಲ್ಲ ನೀರಿಗೆ ಹೋಯಿತು. ಯಾರಿಗಾದರೂ ಅಕ್ಕಿ ತೊಳೆದ ನೀರಿನಂಥ ಭೇದಿ ಶುರುವಾದರೆ ಓಆರ್‌ಎಸ್ ಕುಡಿಸುತ್ತಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೊರಡಿ.

ಇನ್ನು ಅತ್ತೆಯವರ ಗಂಗಾಪೂಜೆ. ಮಾಡಲಿ, ನನ್ನದೇನೂ ತಕರಾರಿಲ್ಲ. ಬಾವಿ ಕುಸಿಯದಂತೆ ನಾಲ್ಕು ದಿನ ಕಾಯಲು ಮೈದುನನನ್ನು ಒಪ್ಪಿಸುವುದಕ್ಕೂ ಅದು ಒಳ್ಳೆಯ ನೆಪ, "ಪೂಜೆ ಆಗಲಿ, ಆಮೇಲೆ ಎಂಜಿನ್" ಅನ್ನಿ. ಅರಿಶಿನ, ಕುಂಕುಮ, ಹೂವು, ಎಡೆ ಎಲ್ಲ ಕಟ್ಟೆಯ ಮೇಲೇ ಇರಲಿ, ಬಾವಿಗೆ ಬಿಡುವುದು ಬೇಡ. ಕಾಯಿ ನೀರೂ ಅಷ್ಟೇ. ತೀರ್ಥ ಮಾತ್ರ ಕಾಯಿಸಿ ಆರಿಸಿದ ಕೊಡದಿಂದ ಕೊಡಲಿ.